ಷಡ್ಡಕರ ತಂತಿ, ನನ್ನ ಹೊಟ್ಟೆ

ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳೆದೆರಡು ತಿಂಗಳಲ್ಲಿ ಈ ಒಂದು ಮಾತನ್ನು ನಾನು ಹೆಂಡತಿಗೆ, ಮಾವನವರಿಗೆ, ಕ್ಷೌರದಂಗಡಿಯವನಿಗೆ, ಕೆಳಮನೆಯ ಪಿಂಚಣಿದಾರರಿಗೆ ಹೇಳಿದ್ದೇನೆ. ಮೇಲಧಿಕಾರಿಗಳಿಗೆ ಎರಡು ಪ್ರತಿಗಳಲ್ಲಿ ಬರೆದೂ ಕೊಟ್ಟಿದ್ದೇನೆ. ಹೇಳಿದಷ್ಟೂ ಕೇಳಿದವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡಿತೇ ಹೊರತು ನಂಬಿಕೆ ಮೂಡಲಿಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಪರೀಕ್ಷಕ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಒತ್ತದಿರುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದೇನೆ. ತಕ್ಕಡಿಯ ಪ್ರಾಮಾಣಿಕತೆ ನೋಡುವ ಕ್ರಮ ಸುಲಭವಾದದ್ದು. ಎಡತಟ್ಟೆಯಲ್ಲಿದ್ದ ಕಲ್ಲನ್ನು ಬಲತಟ್ಟೆಗೂ ಬಲತಟ್ಟೆಯದನ್ನು ಎಡಕ್ಕೂ ಬದಲಿಸಬೇಕು. ಆಗಲೂ ಮುಳ್ಳು ನಡುವೆಯೇ ನಿಂತರೆ ತಕ್ಕಡಿ ಸಾಚಾ. ಈ ಪರೀಕ್ಷೆಯನ್ನು ನೆಂಟರ ಮನೆಯಲ್ಲಿ ಮಾಡಬಾರದೆಂದು ಇಲಾಖೆಯ ಕೈಪಿಡಿಯಲ್ಲಿ ಎಲ್ಲೂ ಬರೆದಿಲ್ಲ. ಮುಂದಿನ ಮುದ್ರಣದಲ್ಲಿ ಸೇರಿಸುವುದು ಒಳ್ಳೆಯದು.

ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಎರಡು ಬೀದಿ ಆಚೆ ಅವರ ಮನೆ. ಕೆಳಗೆ ಕ್ಲಿನಿಕ್ಕು, ಮೇಲೆ ಸಂಸಾರ. ಒಳ್ಳೆಯ ಮನುಷ್ಯ. ಮೂವತ್ತು ವರ್ಷ ಬಾಯಿ ತೆರೆದು ಮಲಗಿದವರ ಜೊತೆಯೇ ಮಾತಾಡಿದ್ದರಿಂದ, ಎದುರಿನವರು ಉತ್ತರ ಕೊಟ್ಟಾರೆಂಬ ನಿರೀಕ್ಷೆ ಅವರಿಗೆ ಇಲ್ಲ, ಅಷ್ಟೇ. ಅವರು ಕಾರು ಕೊಂಡಾಗ ನಾನು ಚೆನ್ನಾಗಿದೆ ಎಂದೆ. ಚೆನ್ನಾಗಿತ್ತು. ಮನೆ ಕಟ್ಟಿಸಿದಾಗ ಚೆನ್ನಾಗಿದೆ ಎಂದೆ, ಮೂರನೆಯ ಮೆಟ್ಟಿಲು ಅರ್ಧ ಇಂಚು ಎತ್ತರ ಎಂದೂ ಹೇಳಿದೆ. ಅದೂ ಇತ್ತು. ಆಗೆಲ್ಲ ಯಾರೂ ನನ್ನ ಹೊಟ್ಟೆಯ ಸುದ್ದಿ ಎತ್ತಿರಲಿಲ್ಲ.

ಅಕ್ಕತಂಗಿಯರಿಬ್ಬರೂ ಸೇರಿ ಹದಿನಾಲ್ಕು ವರ್ಷದಿಂದ ಪರದೆ ಹೊಲಿಯುವ ಅಂಗಡಿ ನಡೆಸುತ್ತಾರೆ. ಅತ್ತಿಗೆ ಅಳೆದು ಕತ್ತರಿಸುತ್ತಾರೆ, ನನ್ನವಳು ಹೊಲಿಯುತ್ತಾಳೆ. ಅತ್ತಿಗೆಗೆ ಸೂಜಿಯಲ್ಲಿ ದಾರ ಪೋಣಿಸಲು ಬರುವುದಿಲ್ಲ. ನನ್ನವಳ ಕೈಗೆ ಕತ್ತರಿ ಕೊಟ್ಟರೆ ಪರದೆ ಕರವಸ್ತ್ರವಾಗುತ್ತದೆ. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ. ಆ ತಿಂಗಳು ಹೊಸ ಆಸ್ಪತ್ರೆಯೊಂದರಿಂದ ಹಾಸಿಗೆ ಸುತ್ತ ಕಟ್ಟುವ ಅರವತ್ತು ಪರದೆಗಳಿಗೆ ಹೇಳಿದ್ದರು. ಅಂಗಡಿಯ ಹಣೆಬರಹವನ್ನೇ ಬದಲಿಸುವ ಕೆಲಸ ಅದು. ಒಂದನೇ ತಾರೀಖಿಗೆ ತಲುಪದಿದ್ದರೆ ಬೇರೆಯವರಿಗೆ ಕೊಡುವುದಾಗಿ ಆಸ್ಪತ್ರೆಯವರು ಬರವಣಿಗೆಯಲ್ಲೇ ತಿಳಿಸಿದ್ದರು.

ಹೀಗಿರುವಾಗ ಷಡ್ಡಕರು ಹಾಡು ಕೇಳುವ ಯಂತ್ರ ತಂದರು.

ಯಂತ್ರ ಎಂದರೆ ಅವರಿಗೆ ಬೇಸರ. ‘ವ್ಯವಸ್ಥೆ’ ಎನ್ನಬೇಕು. ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆಗೆ ಮೆತ್ತೆ ಹೊಡೆಸಿ, ಆಳೆತ್ತರದ ಎರಡು ಸ್ಪೀಕರ್ ನಿಲ್ಲಿಸಿದ್ದರು. ನಡುವೆ ಅಲ್ಮೇರದಂಥ ಆಂಪ್ಲಿಫೈಯರ್. ಎದುರಿಗೆ ಒಂದೇ ಒಂದು ಒರಗು ಕುರ್ಚಿ. ಶಬ್ದ ಸರಿಯಾಗಿ ಬಂದು ಸೇರುವ ಬಿಂದು ಅದೊಂದೇ ಅಂತೆ. ಉಳಿದವರು ಗೋಡೆ ಬದಿಯ ಬೆಂಚಿನಲ್ಲಿ ಕೂತು, ಸೇರದ ಶಬ್ದವನ್ನು ಕೇಳಬೇಕು. ಬಾಗಿಲ ಮೇಲೆ ‘ಒಳಗೆ ಮಾತು ಬೇಡ’ ಎಂಬ ಫಲಕ, ಕ್ಲಿನಿಕ್ಕಿನ ‘ಉಗುಳಬೇಡಿ’ ಫಲಕದ ಅಕ್ಷರದಲ್ಲೇ.

ಇಷ್ಟರವರೆಗೆ ನನ್ನ ತಕರಾರಿರಲಿಲ್ಲ. ಮೊದಲ ಭಾನುವಾರ ಸಂಜೆ ಎಲ್ಲರನ್ನೂ ಕರೆದು ಕೇಳಿಸಿದರು, ನಾನು ಚೆನ್ನಾಗಿದೆ ಎಂದೆ. ಚೆನ್ನಾಗಿತ್ತು. ಒಂದು ವಾರ ಬಿಟ್ಟು ಮತ್ತೆ ಕರೆದರು. ಈ ಸಲ ಬದಲಾಗಿದ್ದದ್ದು ತಂತಿ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿ. ಮೊದಲಿದ್ದದ್ದು ಪೆಟ್ಟಿಗೆ ಜೊತೆ ಪುಕ್ಕಟೆ ಬಂದ, ದಾರದಂಥದ್ದು. ಹೊಸದು ತೋಟಕ್ಕೆ ನೀರು ಬಿಡುವ ಕೊಳವೆಯ ದಪ್ಪ, ಒಳಗಿರುವುದು ಬೆಳ್ಳಿ ಅಂತೆ, ಬಂದದ್ದು ಮಖಮಲ್ಲಿನ ಪೆಟ್ಟಿಗೆಯಲ್ಲಿ. ನೆಲದ ನಡುಕ ತಾಗದಿರಲೆಂದು ಅದನ್ನು ಸಣ್ಣ ಸಣ್ಣ ಮರದ ಕಾಲುಗಳ ಮೇಲೆ ಮಲಗಿಸಿದ್ದರು. ಅದರ ಬೆಲೆ ಕೇಳಿದೆ. ನನ್ನ ಸ್ಕೂಟರಿನ ಬೆಲೆ ಹೇಳಿದರು, ಹೊಸದಿದ್ದಾಗಿನದು.

ಹಾಡು ಮುಗಿಯಿತು. ಮಾವನವರು ಮೊದಲು ಬಾಯಿಬಿಟ್ಟರು. ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಕೆಲಸದಲ್ಲಿ ನಿವೃತ್ತರಾದವರು. ಹಿರಿಮಗಳು-ಅಳಿಯನ ಜೊತೆ ಅಲ್ಲೇ ಇದ್ದಾರೆ. ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ, ಬ್ಯಾಟರಿ ಉಳಿಯಲೆಂದು ಬಂದ್ ಮಾಡಿಟ್ಟಿರುತ್ತಾರೆ.

“ಅಜಗಜಾಂತರ,” ಎಂದು ಅವರು ಕೂಗಿದರು.

“ಪರದೆ ಸರಿಸಿದ ಹಾಗಾಯ್ತು,” ಎಂದರು ಅತ್ತಿಗೆ.

“ಹೌದಕ್ಕಾ, ದಪ್ಪ ಪರದೆ,” ಎಂದಳು ನನ್ನವಳು.

ಎಲ್ಲರೂ ನನ್ನತ್ತ ತಿರುಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನನಗೂ ಗೊತ್ತು. ಆದರೆ ಆ ಹೊತ್ತಿಗೆ ಗಾದೆ ನೆನಪಾಗಲಿಲ್ಲ, ಕೈಪಿಡಿ ನೆನಪಾಯಿತು.

“ನನಗೆ ಮೊದಲಿನ ಹಾಗೇ ಕೇಳಿಸ್ತು ಭಾವ,” ಎಂದೆ. “ಒಂದ್ಸಲ ಹಳೇ ತಂತಿ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿ ಕೇಳೋಣ. ಅದಲು ಬದಲು ಮಾಡಿ ನೋಡಿದ್ರೆ ಗೊತ್ತಾಗುತ್ತೆ.”

ಕೋಣೆಯಲ್ಲಿ ಫಲಕದಲ್ಲಿ ಬರೆದಂತೆಯೇ ಮಾತು ನಿಂತಿತು. ಷಡ್ಡಕರು ಮಖಮಲ್ಲಿನ ಪೆಟ್ಟಿಗೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅತ್ತಿಗೆ ಮೆಲ್ಲಗೆ, “ಇರ್ಲಿ ಬಿಡಿ,” ಎಂದರು.

ಈ ‘ಇರ್ಲಿ ಬಿಡಿ’ಯ ತೂಕ ನನಗೆ ಆಗ ತಿಳಿಯಲಿಲ್ಲ. ಮೂರನೆಯ ಮೆಟ್ಟಿಲು ಎಡವಿ ಕೆಳಗಿಳಿಯುವಾಗ ಹೆಂಡತಿ ತಿಳಿಸಿದಳು.

“ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತೆ ಕಣ್ರೀ. ಮುಖದ ಮೇಲೆ ಕಾಣಿಸ್ಬಾರ್ದು.”

“ನನಗೆ ಹೊಟ್ಟೆಕಿಚ್ಚಿಲ್ಲ.”

“ಅಕ್ಕನೂ ಅದೇ ಅಂದ್ಲು. ಪಾಪ, ಇಲ್ಲ ಅಂತಾನೇ ಹೇಳ್ತಾರೆ ನೋಡು ಅಂತ.”

ಮರುದಿನ ನನ್ನವಳು ಅಂಗಡಿಯಲ್ಲಿ ನನ್ನ ಪರವಾಗಿ ಒಂದು ಮಾತಾಡಿದಳು. “ಅವರ ಸ್ವಭಾವ ಹಾಗೆ ಅಕ್ಕ. ದುಬಾರಿ ಸಾಮಾನು ಕಂಡ್ರೆ ಕೈಗೆಟುಕದ ದ್ರಾಕ್ಷಿ ಹುಳಿ ಅನ್ನೋ ಜನ ಇರ್ತಾರಲ್ಲ, ಅವರಲ್ಲಿ ಇವರು ಎಷ್ಟೋ ವಾಸಿ,” ಎಂದಳಂತೆ. ಅದಕ್ಕೆ ಅತ್ತಿಗೆ, “ಕೈಗೆಟುಕೋ ಹಾಗೆ ದುಡಿಯೋಕೆ ಯಾರು ಬೇಡ ಅಂದ್ರು,” ಎಂದರಂತೆ. ಅಲ್ಲಿಗೆ ನನ್ನ ವಿಷಯ ಮುಗಿದು ಅವರಿಬ್ಬರ ವಿಷಯ ಶುರುವಾಯಿತು. ಚಿಕ್ಕಂದಿನಲ್ಲಿ ಯಾರ ಲಂಗ ಯಾರು ಹರಿದರು ಎಂಬಲ್ಲಿಯವರೆಗೆ ಹೋಗಿ ವಾಪಸು ಬರುವ ಹೊತ್ತಿಗೆ ಇಬ್ಬರಿಗೂ ಮಾತು ನಿಂತಿತ್ತು.

ಅಂಗಡಿ ಮುಚ್ಚಲಿಲ್ಲ. ಇಬ್ಬರೂ ಹೋಗಿ ಬೆನ್ನಿಗೆ ಬೆನ್ನು ಹಾಕಿ ಕೂತರು. ಗಿರಾಕಿ ಬಂದರೆ, “ಹೊಲಿಯೋರಿಗೆ ಹೇಳಿ, ಅಂಚು ನಾಲ್ಕು ಇಂಚು,” “ಕತ್ತರಿಸೋರಿಗೆ ಹೇಳಿ, ಬಟ್ಟೆ ಓರೆಯಾಗಿದೆ,” ಎಂದು ಗಿರಾಕಿಯ ಬಾಯಲ್ಲೇ ಹೇಳಿಸಿದರು. ಕಿಟಕಿಯ ಅಳತೆ ಕೊಡಲು ಬಂದ ಗಿರಾಕಿ ಅರ್ಧ ಗಂಟೆ ರಾಯಭಾರಿಯಾಗಿ ದುಡಿದು ಸುಸ್ತಾಗಿ ಹೋದ. ಹನ್ನೆರಡು ಪರದೆಯ ನಂತರ ಅತ್ತಿಗೆ ಕತ್ತರಿ ಕೆಳಗಿಟ್ಟರು. ನಲವತ್ತೆಂಟು ಪರದೆಯ ಬಟ್ಟೆ ಸುರುಳಿಯಾಗಿ ಗೋಡೆಗೊರಗಿ ನಿಂತಿತು. ಒಂದನೇ ತಾರೀಖಿಗೆ ಹತ್ತೊಂಬತ್ತು ದಿನವಿತ್ತು. ಮನೆಗೆ ಬಂದ ನನ್ನವಳು ನನ್ನ ಜೊತೆಗೂ ಮಾತು ಬಿಟ್ಟಳು. ಊಟ ಬಡಿಸಿ ಬಾಗಿಲಿಗೆ ಬಡಿಯುತ್ತಿದ್ದಳು, ಅಷ್ಟೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಆದರೆ ಕದಿಯದವನು ಹೆಗಲನ್ನು ಏನು ಮಾಡಬೇಕೆಂದು ಆ ಗಾದೆ ಹೇಳುವುದಿಲ್ಲ. ಕ್ಷೌರಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿ, ನನಗೇನು ಹೊಟ್ಟೆಕಿಚ್ಚಪ್ಪ ಎಂದೆ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದ. “ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನ ಈ ಕುರ್ಚಿಲಿ ಕೂತ್ರು ಸಾರ್. ಹೊಟ್ಟೆಕಿಚ್ಚಿಲ್ಲ ಅಂತ ತಾವಾಗೇ ಹೇಳಿದವರು ನೀವೇ ಮೊದಲು,” ಎಂದ.

ಕೆಳಮನೆಯ ಪಿಂಚಣಿದಾರರಿಗೆ ಹೇಳಿದೆ. ಅವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ತಣ್ಣೀರು ಕುಡಿಯಲು ಹೇಳಿದರು. “ನನಗೂ ಇತ್ತು. ನನ್ನ ತಮ್ಮ ಫ್ರಿಡ್ಜ್ ತಗೊಂಡಾಗ. ಆರು ತಿಂಗಳಲ್ಲಿ ಕಮ್ಮಿ ಆಯ್ತು,” ಎಂದು ಧೈರ್ಯ ತುಂಬಿದರು.

ಕೊನೆಗೆ ಷಡ್ಡಕರ ಮನೆಗೇ ಹೋಗಿ, ತಂತಿ ಚೆನ್ನಾಗಿದೆ ಎಂದು ಹೇಳಿ ಮುಗಿಸೋಣವೆಂದು ಹೊರಟೆ. ತಂತಿಯ ಬಣ್ಣ ಚೆನ್ನಾಗಿದೆ ಎಂದೆ. ದಪ್ಪ ಚೆನ್ನಾಗಿದೆ ಎಂದೆ. ಮರದ ಕಾಲುಗಳಂತೂ ಬಹಳ ಚೆನ್ನಾಗಿವೆ ಎಂದೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು, “ಎಷ್ಟು ನೋವಾಗ್ತಿದೆಯೋ ಏನೋ, ಒಂದೊಂದು ಮಾತು ಹೇಳೋಕೆ,” ಎಂದು ನೀರು ತಂದುಕೊಟ್ಟರು. ಮುಟ್ಟಿದ್ದೆಲ್ಲ ನನಗೇ ತಿರುಗುತ್ತಿತ್ತು.

ಆ ವಾರ ಮೇಲಧಿಕಾರಿಗಳು ಕರೆದರು. ಅವರ ಮೇಜಿನ ಮೇಲೆ ಒಂದು ದೂರು. ನಾನು ಮುದ್ರೆ ಒತ್ತದೆ ಬಂದಿದ್ದ ಒಬ್ಬ ದಿನಸಿ ಅಂಗಡಿಯವನು ಹಲ್ಲು ಕೀಳಿಸಿಕೊಳ್ಳಲು ಷಡ್ಡಕರ ಬಳಿ ಹೋಗಿದ್ದ. ಬಾಯಿ ಮರಗಟ್ಟುವವರೆಗೆ ಮಾತಾಡಿಸುವುದು ಷಡ್ಡಕರ ಪದ್ಧತಿ. ಮರಗಟ್ಟುವ ಹೊತ್ತಿಗೆ ದಿನಸಿಯವನಿಗೆ ತಂತಿಯ ಪುರಾಣ ಪೂರ್ತಿ ಗೊತ್ತಾಗಿತ್ತು. ‘ನನ್ನ ಹೊಸ ದುಬಾರಿ ತಕ್ಕಡಿಯನ್ನು ಸದರಿ ಪರೀಕ್ಷಕರು ತಿರಸ್ಕರಿಸಿದ್ದು ತಕ್ಕಡಿಯ ದೋಷದಿಂದಲ್ಲ, ಬೆಲೆಬಾಳುವ ಉಪಕರಣಗಳ ಬಗ್ಗೆ ಅವರಿಗಿರುವ ಹೊಟ್ಟೆಕಿಚ್ಚಿನಿಂದ ಎಂದು ನಂಬಲು ಕಾರಣವಿದೆ,’ ಎಂದು ಬರೆದಿದ್ದ. ಅವನ ತಕ್ಕಡಿ ಕಿಲೋಗೆ ನಲವತ್ತು ಗ್ರಾಂ ನುಂಗುತ್ತಿತ್ತು.

“ನಲವತ್ತು ಗ್ರಾಂ ವಿಷಯ ಆಮೇಲೆ,” ಎಂದರು ಮೇಲಧಿಕಾರಿ. “ಮೊದಲು ಇದು ಇತ್ಯರ್ಥ ಆಗ್ಬೇಕು. ನಿಮಗೆ ಹೊಟ್ಟೆಕಿಚ್ಚು ಇದೆಯೋ ಇಲ್ವೋ?”

“ಇಲ್ಲ ಸಾರ್.”

“ದಾಖಲೆ?”

ಹೊಟ್ಟೆಕಿಚ್ಚಿಲ್ಲದ ದಾಖಲೆಯನ್ನು ಯಾವ ಕಚೇರಿ ಕೊಡುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೇಲಧಿಕಾರಿ ಬಹಳ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದರು. “ಒಂದು ದಾರಿ ಇದೆ. ಕಿವಿ ಡಾಕ್ಟರ ಹತ್ರ ಹೋಗಿ. ಕಿವಿ ಮಂದ ಅಂತ ಬರ್ಕೊಟ್ರೆ, ವ್ಯತ್ಯಾಸ ಕೇಳಿಸ್ಲಿಲ್ಲ, ಕೇಳಿಸ್ಲಿಲ್ಲ ಅಂದ್ರಿ, ಹೊಟ್ಟೆಗೆ ಸಂಬಂಧವೇ ಇಲ್ಲ. ಫೈಲು ಮುಗೀತು.”

ಮನೆಯಲ್ಲಿ ಇದನ್ನು ಹೇಳಿದಾಗ ನನ್ನವಳು ಒಂಬತ್ತು ದಿನದ ನಂತರ ಬಾಯಿಬಿಟ್ಟಳು. “ಕಿವಿ ಕೆಟ್ಟಿದ್ರೆ ಎಷ್ಟು ಚೆನ್ನಾಗಿರುತ್ತೆ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. “ಅಕ್ಕನ ಹತ್ರ ನಾನೇ ಹೋಗಿ ಹೇಳ್ಬಹುದು. ಪಾಪ, ಕಿವುಡರು ಕಣಕ್ಕಾ, ಮನಸ್ಸಿಗೆ ಹಚ್ಕೋಬೇಡ ಅಂತ.” ಹದಿನಾಲ್ಕು ವರ್ಷದ ಅಂಗಡಿ ನನ್ನ ಎರಡು ಕಿವಿಗಳ ಮೇಲೆ ನಿಂತಿತ್ತು. ಅವಳಿಗಾಗಿ ಕಿವುಡಾಗಲು ನಾನು ಮನಸಾರೆ ಸಿದ್ಧನಿದ್ದೆ.

ಕಿವಿ ಡಾಕ್ಟರು ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿಸಿದಾಗೆಲ್ಲ ಬೆರಳೆತ್ತಿ ಎಂದರು. ಬೆರಳೆತ್ತಬಾರದೆಂದು ತೀರ್ಮಾನಿಸಿ ಕೈಯನ್ನು ತೊಡೆ ಕೆಳಗಿಟ್ಟುಕೊಂಡೆ. ಮೊದಲ ಸದ್ದು ಬಂತು. ಇಪ್ಪತ್ತಾರು ವರ್ಷ ಸುಳ್ಳು ಮುಳ್ಳಿಗೆ ಮುದ್ರೆ ಒತ್ತದ ಕೈ. ತೊಡೆಯನ್ನು ದಬ್ಬಿಕೊಂಡು ಮೇಲೆ ಬಂತು. ಎರಡನೆಯದಕ್ಕೂ ಬಂತು. ಸೊಳ್ಳೆಯ ಮರಿ ನಿಟ್ಟುಸಿರು ಬಿಟ್ಟಂಥ ಕೊನೆಯ ಸದ್ದಿಗೂ ಬಂತು. ಡಾಕ್ಟರು ಹೊರಬಂದು ನನ್ನ ಕೈ ಕುಲುಕಿದರು. “ಇಂಥ ಕಿವಿ ಹದಿನೆಂಟು ವರ್ಷದವರಲ್ಲೂ ನೋಡಿಲ್ಲ,” ಎಂದು ಅದನ್ನೇ ಬರೆದೂ ಕೊಟ್ಟರು.

ವರದಿ ಮನೆಮನೆಗೆ ತಲುಪಿತು. ಇದ್ದ ಒಂದು ಅನುಮಾನದ ಲಾಭವೂ ಹೋಯಿತು. ಇಂಥ ಕಿವಿಗೆ ಕೇಳಿಸದಿರಲು ಸಾಧ್ಯವೇ ಇಲ್ಲ. ಕೇಳಿಸಿಯೂ ಇಲ್ಲವೆಂದವನಿಗೆ ಹೊಟ್ಟೆಕಿಚ್ಚಲ್ಲದೆ ಇನ್ನೇನಿದ್ದೀತು ಎಂದು ಅತ್ತಿಗೆ ಒಬ್ಬ ಗಿರಾಕಿಯ ಮೂಲಕ ನನ್ನವಳಿಗೆ ತಿಳಿಸಿದರು. ನನ್ನವಳು ಮತ್ತೆ ಬಾಯಿ ಮುಚ್ಚಿದಳು.

ಆಗ ಮಾವನವರು ನಡುವೆ ಬಂದರು. ನಲವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದ ಅವರಿಗೆ ಒಂದು ದಿನವಾದರೂ ಒಳಗೆ ಎತ್ತರದ ಕುರ್ಚಿಯಲ್ಲಿ ಕೂರುವ ಆಸೆಯಿತ್ತು. “ಅವನು ಕೇಳಿದ ಪರೀಕ್ಷೆಯನ್ನೇ ಅವನಿಗೆ ಕೊಡಿ. ಭಾನುವಾರ ಸಂಜೆ ಐದು ಗಂಟೆ. ಕಣ್ಣಿಗೆ ಬಟ್ಟೆ, ಹತ್ತು ಸಲ, ಎರಡು ತಂತಿ. ಹೇಳೋಕಾಗದಿದ್ರೆ ತಂತಿ ದಂಡ, ಕೋಣೆ ಖಾಲಿ. ಹೇಳಿದ್ರೆ ಅವನದು ಹೊಟ್ಟೆಕಿಚ್ಚು. ಒಪ್ಕೊಂಡು ಕ್ಷಮೆ ಕೇಳ್ಬೇಕು. ಯಾವುದಾದ್ರೂ ಒಂದು ಆಗ್ಲಿ, ಸೋಮವಾರ ಬೆಳಗ್ಗೆ ಇಬ್ಬರೂ ಪರದೆ ಮುಟ್ಬೇಕು,” ಎಂದು ಕೂಗಿದರು. ಮೇಲಧಿಕಾರಿಗಳು ಇಲಾಖೆಯ ಪರವಾಗಿ ವೀಕ್ಷಕರಾಗಿ ಬರಲು ಒಪ್ಪಿದರು. ಬಿಸ್ಕತ್ತು ಇರುತ್ತದೆಯೇ ಎಂದು ಮಾತ್ರ ವಿಚಾರಿಸಿದರು.

ನಾನು ನಿಶ್ಚಿಂತನಾದೆ. ನನಗೆ ವ್ಯತ್ಯಾಸ ಕೇಳಿಸುವುದಿಲ್ಲ, ಹೇಳಲಾಗುವುದಿಲ್ಲ, ಗೆಲುವು ನನ್ನದೇ. ಶನಿವಾರ ಸಂಜೆ ಷಡ್ಡಕರಿಂದ ಫೋನು ಬಂತು. “ನಿಮ್ಮ ಹಿಂದಿನ ಹಲ್ಲು ಒಂದ್ಸಲ ನೋಡ್ಬೇಕಿತ್ತು. ಬನ್ನಿ,” ಎಂದರು. ನನ್ನ ಹಲ್ಲು ಸರಿಯಿತ್ತು. ಆದರೂ ಹೋದೆ, ನೆಂಟಸ್ತಿಕೆ ಎಂದು.

ಮಲಗಿಸಿ, ಬಾಯಿ ತೆರೆಸಿ, ಎರಡೂ ಕೆನ್ನೆಗೆ ಹತ್ತಿ ತುರುಕಿ, ನಾಲಿಗೆಯ ಮೇಲೆ ಕನ್ನಡಿಯಿಟ್ಟ ಮೇಲೆ ಅವರು ಬಾಗಿಲು ಭದ್ರಪಡಿಸಿ ಬಂದು ಸ್ಟೂಲಿನ ಮೇಲೆ ಕೂತರು.

“ನನಗೂ ಕೇಳ್ಸಲ್ಲ,” ಎಂದರು.

ನಾನು ಕಣ್ಣರಳಿಸಿದೆ. ಬೇರೇನೂ ಅರಳಿಸಲು ಬರುವಂತಿರಲಿಲ್ಲ.

“ಹಳೇದೂ ಒಂದೇ, ಹೊಸದೂ ಒಂದೇ. ನಾನು ಹಾಡೇ ಕೇಳಲ್ಲ, ನಿದ್ದೆ ಮಾಡ್ತೀನಿ. ದಿನವಿಡೀ ಈ ಡ್ರಿಲ್ಲಿನ ಸದ್ದು. ಮೇಲೆ ಹೋದ್ರೆ ಊಟದ ಮೇಜಿನ ಮೇಲೆ ಅಂಗಡೀಲಿ ಮುಗಿಯದ ಪರದೆ. ನಿಮ್ಮ ಹೆಂಡ್ತಿ, ನನ್ನ ಹೆಂಡ್ತಿ, ನೆರಿಗೆ ಎರಡಿಂಚೋ ಮೂರಿಂಚೋ ಅಂತ ಹದಿನಾಲ್ಕು ವರ್ಷ. ನಡುವೆ ಮಾವನವರ ಕೂಗು. ಮೊದಲು ಸಣ್ಣ ರೇಡಿಯೋ ಇಟ್ಕೊಂಡಿದ್ದೆ. ಅದರ ಮೇಲೇ ಮಾತಾಡ್ತಿದ್ರು. ಸ್ಪೀಕರ್ ತಂದೆ, ಆಗಲೂ ಬಾಗಿಲು ತೆಗೆದು ಹಾಲು ತರೋಕೆ ಹೇಳ್ತಿದ್ರು. ತಂತಿ ತಂದ ಮೇಲೆ ನಿಂತುಹೋಯ್ತು. ಅಷ್ಟು ಬೆಲೆಯ ಸದ್ದಿನ ಮಧ್ಯೆ ಮಾತಾಡೋಕೆ ಯಾರಿಗೂ ಧೈರ್ಯ ಬರಲ್ಲ ನೋಡಿ. ಅದು ತಂತಿ ಅಲ್ಲ, ಬಾಗಿಲ ಚಿಲಕ. ನಾಳೆ ನೀವು ಗೆದ್ರೆ ಆ ಕೋಣೆ ಬಟ್ಟೆ ಗೋದಾಮು ಆಗುತ್ತೆ. ನಿಮ್ಮತ್ತಿಗೆ ಆಗಲೇ ಅಳತೆ ತಗೊಂಡಿದ್ದಾಳೆ.”

ನನಗೆ ಕೆಡುಕೆನಿಸಿತು. ಏನಾದರೂ ಹೇಳೋಣವೆಂದರೆ ಬಾಯಲ್ಲಿ ಹತ್ತಿ. ಅವರು ಎಂದಿನಂತೆ ಉತ್ತರಕ್ಕೆ ಕಾಯದೆ ಹತ್ತಿ ತೆಗೆದು, ಬಾಯಿ ಮುಕ್ಕಳಿಸಲು ಹೇಳಿ, “ಹಲ್ಲೇನೋ ಗಟ್ಟಿ ಇದೆ,” ಎಂದು ಕಳಿಸಿಕೊಟ್ಟರು.

ಅತ್ತ ದರಿ, ಇತ್ತ ಪುಲಿ. ಸೋಲಬೇಕೆಂದು ಬಯಸಿದರೂ ನನಗೆ ಸೋಲಲು ದಾರಿಯಿರಲಿಲ್ಲ. ಕೇಳಿಸದ ವ್ಯತ್ಯಾಸವನ್ನು ಹತ್ತು ಸಲ ಸರಿಯಾಗಿ ಹೇಳುವುದು ಹೇಗೆ? ಅಂದಾಜಿನ ಮೇಲೆ ಹೇಳಿದರೆ ಐದು ಸರಿ, ಐದು ತಪ್ಪು. ಐದಕ್ಕೆ ಮಾವನವರ ಕಾನೂನಿನಲ್ಲಿ ಜಾಗವಿರಲಿಲ್ಲ.

ಭಾನುವಾರ ಐದು ಗಂಟೆಗೆ ನನ್ನನ್ನು ಆ ಒಂದೇ ಕುರ್ಚಿಯಲ್ಲಿ ಕೂರಿಸಿದರು. ಪರದೆಯ ತುಂಡಿನಿಂದ ಕಣ್ಣು ಕಟ್ಟಿದವಳು ನನ್ನ ಹೆಂಡತಿ. ಗಂಟು ಹಾಕುವಾಗ ಅವಳ ತೋಳಿಗೆ ಅಂಟಿದ್ದ ದಾರದ ಎಳೆ ನನ್ನ ಕೆನ್ನೆಗೆ ತಾಗಿತು. ಮೊದಲೆಲ್ಲ ಅವಳ ಮೈಮೇಲೆ ಇಂಥ ನೂರು ಎಳೆಗಳಿರುತ್ತಿದ್ದವು. ಈಗ ಒಂದೇ, ಅದೂ ಹಳೆಯದು. ಏನಾದರೂ ಮಾಡಿ ಈ ಜಗಳ ಮುಗಿಸಬೇಕೆಂದು ನನಗೆ ಆಗ ಅನಿಸಿದಷ್ಟು ಹಿಂದೆಂದೂ ಅನಿಸಿರಲಿಲ್ಲ.

ತಂತಿ ಬದಲಿಸಲು ಬೀದಿಯ ಎಲೆಕ್ಟ್ರಿಷಿಯನ್ ಬಂದಿದ್ದ. ಬೆಂಚಿನಲ್ಲಿ ಅತ್ತಿಗೆ, ನನ್ನವಳು, ಷಡ್ಡಕರು, ಬಿಸ್ಕತ್ತಿನೊಂದಿಗೆ ಮೇಲಧಿಕಾರಿ. ಎತ್ತರಕ್ಕಿರಲೆಂದು ಮಾವನವರು ಎರಡು ದಿಂಬಿನ ಮೇಲೆ ಕೂತಿದ್ದರು. ಅವರು ವಿಧಿಯನ್ನು ಕೂಗಿ ಹೇಳಿದರು. ಸಾಕ್ಷಿ ಕಟಕಟೆಯಲ್ಲಿರುವಾಗ ತೀರ್ಪು ಕೇಳುವಂತಿಲ್ಲ. ಆದ್ದರಿಂದ ಹಾಡು ಮುಗಿದು, ತಂತಿಯನ್ನು ಬಿಚ್ಚಿ, ಪಕ್ಕದ ಟೀಪಾಯಿಯ ಮೇಲೆ ಇಳಿಸಿದ ನಂತರವೇ ನನ್ನನ್ನು ಪ್ರಶ್ನಿಸತಕ್ಕದ್ದು. ಕೋರ್ಟಿನಲ್ಲಿ ಹೀಗೆಯೇ ನಡೆಯುತ್ತಿತ್ತಂತೆ.

ಮೊದಲ ಹಾಡು ಶುರುವಾಯಿತು, ಮುಗಿಯಿತು. ಹಳೆಯದೋ ಹೊಸದೋ ದೇವರಿಗೇ ಗೊತ್ತು. ಎಲೆಕ್ಟ್ರಿಷಿಯನ್ ತಂತಿ ಬಿಚ್ಚಿದ. ಟೀಪಾಯಿಯ ಮೇಲೆ ಇಟ್ಟ.

ಸದ್ದಾಯಿತು.

ಇಪ್ಪತ್ತಾರು ವರ್ಷ ನಾನು ಮರದ ಹಲಗೆಯ ಮೇಲೆ ತೂಕದ ಕಲ್ಲು ಇಳಿಸುವ ಸದ್ದು ಕೇಳಿದ್ದೇನೆ. ಒಂದು ಕಿಲೋದ ಕಲ್ಲಿಗೂ ಎರಡು ಕಿಲೋದ ಕಲ್ಲಿಗೂ ಇರುವ ಅಂತರವನ್ನು ಬೆನ್ನು ತಿರುಗಿಸಿ ಹೇಳಬಲ್ಲೆ. ಈಗ ಟೀಪಾಯಿಯ ಮೇಲೆ ಬಿದ್ದದ್ದು ಎರಡು ಕಿಲೋಗೆ ಸ್ವಲ್ಪ ಕಡಿಮೆ.

“ಈಗ ಬಾರಿಸಿದ ತಂತಿ ಯಾವುದು?” ಎಂದು ಮಾವನವರು ಕೂಗಿದರು.

“ಹೊಸದು,” ಎಂದೆ.

ಬೆಂಚು ಕಿರುಗುಟ್ಟಿತು. ಎರಡನೆಯ ಹಾಡಿನ ನಂತರ ಟೀಪಾಯಿಯ ಮೇಲೆ ನೂರೈವತ್ತು ಗ್ರಾಂ ಬಿತ್ತು. “ಹಳೇದು,” ಎಂದೆ. ಮೂರನೆಯದೂ ನೂರೈವತ್ತು. ನಾಲ್ಕನೆಯದಕ್ಕೆ ಮತ್ತೆ ಎರಡು ಕಿಲೋ. ಸದ್ದು ಅವರೆಲ್ಲರ ಮುಂದೆಯೇ ಆಗುತ್ತಿತ್ತು. ಆದರೆ ಅವರ ಕಣ್ಣು ತೆರೆದಿದ್ದವು. ಕಣ್ಣು ತೆರೆದವರಿಗೆ ಕಿವಿಯ ಕೆಲಸವಿರುವುದಿಲ್ಲ. ಏಳನೆಯದಕ್ಕೆ ಮೇಲಧಿಕಾರಿ ಬಿಸ್ಕತ್ತು ಕಡಿಯುವುದನ್ನು ನಿಲ್ಲಿಸಿದರು. ಹತ್ತನೆಯದನ್ನೂ ಹೇಳಿದೆ.

“ಹತ್ತಕ್ಕೆ ಹತ್ತು,” ಎಂದು ಮಾವನವರು ಕೂಗಿದ್ದು ಕೆಳಗಿನ ಬೀದಿಗೂ ಕೇಳಿಸಿತು.

ಹೇಗೆ ತಿಳಿಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ಸರ್ಕಾರಿ ನೌಕರರಿಗಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿದಾಗ ಅತ್ತಿಗೆ ಎದುರಿಗೆ ನಿಂತಿದ್ದರು. “ಅಂದ್ರೆ ಮೊದಲ ದಿನವೇ ಕೇಳ್ಸಿತ್ತು,” ಎಂದರು.

ಅವರ ಪಕ್ಕದಲ್ಲಿ ನನ್ನವಳು. ಅಂಗಡಿಯಲ್ಲಿ ಕಾಯುತ್ತಿದ್ದ ನಲವತ್ತೆಂಟು ಪರದೆ.

“ಕ್ಷಮಿಸಿ ಅತ್ತಿಗೆ. ಹೊಟ್ಟೆಕಿಚ್ಚು,” ಎಂದೆ.

ಅಷ್ಟೇ ಬೇಕಾಗಿತ್ತು. ಅತ್ತಿಗೆ ಅತ್ತರು, ನನ್ನವಳು ಅತ್ತಳು, ಇಬ್ಬರೂ ಅಪ್ಪಿಕೊಂಡರು. ಅಪ್ಪಿಕೊಂಡಿದ್ದಾಗಲೇ ಅಂಚು ನಾಲ್ಕಿಂಚೋ ಐದಿಂಚೋ ಎಂಬ ಮಾತು ಶುರುವಾಯಿತು. ಮೇಲಧಿಕಾರಿ ಫೈಲಿನಲ್ಲಿ, ‘ಪರೀಕ್ಷಕರಿಗೆ ಹೊಟ್ಟೆಕಿಚ್ಚು ಇರುವುದು ಸಾಬೀತಾಗಿದೆ. ಆದರೆ ಅವರ ಅಳತೆ ಹತ್ತಕ್ಕೆ ಹತ್ತು ನಿಖರವಾಗಿರುವುದರಿಂದ ಸದರಿ ತಕ್ಕಡಿ ತಿರಸ್ಕೃತ,’ ಎಂದು ಬರೆದರು. ಅರವತ್ತು ಪರದೆಗಳು ಒಂದನೇ ತಾರೀಖಿನ ಹಿಂದಿನ ದಿನ ಆಸ್ಪತ್ರೆ ಸೇರಿದವು. ಮನೆಗೆ ಬಂದ ನನ್ನವಳ ಮೈಮೇಲೆ ಮತ್ತೆ ನೂರು ದಾರ.

ಕೆಲಸ ಸುಸೂತ್ರವಾಯಿತೆಂದುಕೊಂಡೆ. ಆದರೆ ಪರೀಕ್ಷೆಯ ಮರುದಿನವೇ ಷಡ್ಡಕರು ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಗಿತ್ತು.

“ನಿಜವಾಗ್ಲೂ ಕೇಳ್ಸುತ್ತಾ?” ಎಂದರು.

ನಾನು ಬಾಯಿ ತೆರೆದೆ. ಅವರು ಉತ್ತರಕ್ಕೆ ಕಾಯಲಿಲ್ಲ. “ಹತ್ತಕ್ಕೆ ಹತ್ತು ಅಂದ್ರೆ ಏನೋ ಇದೆ. ನಿನ್ನೆಯಿಂದ ಕೇಳ್ತಾ ಇದ್ದೀನಿ. ನಿದ್ದೆ ಬರ್ತಿಲ್ಲ. ಎಲ್ಲಿ ಬರುತ್ತೆ ಅದು? ಹಾಡಿನ ಶುರುವಿನಲ್ಲೋ ಕೊನೆಯಲ್ಲೋ?” ಎಂದು ಕೇಳಿ, ತಾವೇ ತಲೆಯಾಡಿಸಿ ಹೊರಟುಹೋದರು. ಅವತ್ತು ಹೇಳಿಬಿಡಬೇಕಿತ್ತು. ತಂತಿಯ ಗುಟ್ಟು ಬಿಟ್ಟುಕೊಟ್ಟರೆ ಪರದೆಯೂ ನಿಲ್ಲುತ್ತದೆಂದು ಹೆದರಿ, ಪರದೆ ತಲುಪಿದ ಮೇಲೆ ಹೇಳೋಣವೆಂದು ಸುಮ್ಮನಾದೆ.

ಪರದೆ ತಲುಪಿದ ಮೇಲೆ ಮಾವನವರು ಇನ್ನೊಂದು ತೀರ್ಪು ಕೊಟ್ಟರು. ಇಷ್ಟು ಬೆಲೆಯ ವಸ್ತು, ಕೇಳಿಸುವ ಕಿವಿ ಮನೆಯಲ್ಲಿ ಒಂದೇ ಜೊತೆ. ಆ ಕುರ್ಚಿಯಲ್ಲಿ ಕೇಳಿಸುವವನೇ ಕೂರಬೇಕು, ಇಲ್ಲದಿದ್ದರೆ ದುಡ್ಡಿಗೆ ದಂಡ. ಅತ್ತಿಗೆ ಅನುಮೋದಿಸಿದರು. ಹೀಗೆ ವಾರಕ್ಕೆ ಮೂರು ಸಂಜೆ, ಐದರಿಂದ ಏಳು, ಆ ಕೋಣೆ ನನಗೆ ಬಂತು. ಮೊದಲ ದಿನ ಸಂಕೋಚದಿಂದಲೇ ಕೂತೆ. ಬಾಗಿಲು ಮುಚ್ಚಿತು. ಹಾಡು ಎಂದಿನಂತೆಯೇ ಇತ್ತು. ಆದರೆ ಎರಡು ಗಂಟೆ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ, ಯಾರೂ ನನ್ನ ಹೊಟ್ಟೆಯ ಬಗ್ಗೆ ಕೇಳಲಿಲ್ಲ, ನೆರಿಗೆಯ ಸುದ್ದಿ ಬರಲಿಲ್ಲ. ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ನಿದ್ದೆ ಮಾಡಿರಲಿಲ್ಲ.

ಷಡ್ಡಕರು ಈಗ ಹೊರಗೆ ಊಟದ ಮೇಜಿನ ಬಳಿ, ಅಕ್ಕತಂಗಿಯರ ನಡುವೆ, ಬಟ್ಟೆಯ ತುದಿ ಹಿಡಿದು ಕೂರುತ್ತಾರೆ. ಪಾಪ ಎನಿಸುತ್ತದೆ. ನಿಜವಾಗಿಯೂ ಎನಿಸುತ್ತದೆ. ಮುಂದಿನ ವಾರ ಹೇಳಿಬಿಡಬೇಕೆಂದು ಪ್ರತಿ ವಾರವೂ ಅಂದುಕೊಳ್ಳುತ್ತೇನೆ.

ಕಳೆದ ಗುರುವಾರ ಅವರಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ನಿದ್ದೆ ಹತ್ತುವ ಮೊದಲು, ಮೆತ್ತೆ ಹೊಡೆಸಿದ ಗೋಡೆಯಾಚೆಯಿಂದ, ನನ್ನ ಈ ಹದಿನೆಂಟರ ಕಿವಿಗೆ ಅವರ ದನಿ ಸ್ಪಷ್ಟವಾಗಿ ಕೇಳಿಸಿತು.

“ನಾನು ಹೇಳ್ತೀನಿ ಕೇಳಿ. ಆ ಕಿವೀಲಿ ಅಂಥ ವಿಶೇಷ ಏನೂ ಇಲ್ಲ. ಅವರು ಒಳಗೆ ಹಾಡೂ ಕೇಳ್ತಿಲ್ಲ, ಏನೂ ಇಲ್ಲ. ನಿದ್ದೆ ಮಾಡ್ತಿದ್ದಾರೆ.”

ಕತ್ತರಿಯ ಸದ್ದು ನಿಂತಿತು. ಹೊಲಿಗೆ ಯಂತ್ರದ ಸದ್ದೂ ನಿಂತಿತು. ಆಮೇಲೆ ಅತ್ತಿಗೆಯ ಮಾತು ಕೇಳಿಸಿತು.

“ಇರ್ಲಿ ಬಿಡಿ.”